ಚಂದನಾ ಕೊಟ್ಟು ಬಂದ ಹೆಸರು

೧೦ ಡಿಸೆಂಬರ್ ೨೦೧೪, ಬುಧವಾರ. ಕುಂದಲಹಳ್ಳಿ.

ಶಾಲೆಯಲ್ಲಿ ತಾತ-ಮೊಮ್ಮಕ್ಕಳ ಓಟವಿದೆ. ಮೊಮ್ಮಗಳು ಚಂದನಾ ನನ್ನ ತಮ್ಮ ಪಿಳ್ಳಪ್ಪನ ಹೆಸರು ಕೊಟ್ಟು ಬಂದಿದ್ದಾಳೆ. ಸ್ವಂತ ತಾತ ನಾನಿರುವಾಗ! ಹೊಟ್ಟೆ ಉರಿಯುತ್ತಿದೆ, ಇಲ್ಲಿಯೂ ಸುಳ್ಳೇಕೆ ಬರೆಯಲಿ?

ಈ ಓಟಕ್ಕೆಂದೇ ಹದಿನೈದು ದಿನದಿಂದ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡಿದೆ, ಸಂಜೆ ಸೈಕಲ್ ತುಳಿದೆ, ಮುದ್ದೆ ಬಿಟ್ಟು ಸೌತೆಕಾಯಿ ತಿಂದೆ. ಪಿಳ್ಳಪ್ಪ ಒಂದು ದಿನ ಓಡಿದರೆ ಮರುದಿನ ಸೈಕಲ್, ಭಾನುವಾರ ಎರಡೂ ಇಲ್ಲ. ಎರಡು ಹೊತ್ತೂ ಮುದ್ದೆ, ಸೊಪ್ಪಿನ ಸಾರು. ಆದರೂ ಅವನಿಗೆ ಬೊಜ್ಜಿಲ್ಲ, ಏದುಸಿರಿಲ್ಲ. ನಾನು ಮೊನ್ನೆ ಗೇಟಿನ ಹತ್ತಿರ ತಲೆ ತಿರುಗಿ ಬಿದ್ದೆ. ಚಂದನಾ ಅಲ್ಲೇ ಇದ್ದಳು. ಬಾಡಿಗೆಗಿರುವ ಗಾರೆ ಕೆಲಸದ ಯಮನಪ್ಪ ಎತ್ತಿ ಕೂರಿಸಿ, "ಯಜಮಾನ್ರ, ಗೌಂಡಿ ಕೆಲ್ಸಕ್ಕ ಹೋಗೋ ನಾವ ಹಸಕೊಂಡು ಹೋಗಂಗಿಲ್ರಿ. ಮೊದಲ ಉಣ್ರಿ, ಆಮ್ಯಾಲೆ ಓಡ್ರಿ" ಎಂದು ನಕ್ಕ.

ಇವತ್ತು ಸಂಜೆ ಅವಳನ್ನು ಕೇಳಿಯೇಬಿಟ್ಟೆ. "ಚಿಕ್ಕತಾತ ನನಗಿಂತ ಜೋರಾಗಿ ಓಡ್ತಾನೆ ಅಂತಾನಾ?"

"ಅದಕ್ಕಲ್ಲ ತಾತ. ಚಿಕ್ಕತಾತ ಬಿದ್ರೆ ನಂಗೆ ನಗು ಬರುತ್ತೆ. ನೀನು ಬಿದ್ರೆ ಅಳು ಬರುತ್ತೆ. ಎಲ್ರ ಮುಂದೆ ಹೆಂಗೆ ಅಳೋದು?"

ಅವಳ ಜಡೆ ಸರಿಮಾಡಿದೆ.

ಪಿಳ್ಳಪ್ಪ ಓಡಲಿ, ಗೆದ್ದೂ ಬರಲಿ. ಅವಳು ಹೇಳಿದ್ದನ್ನು ಬಹುಮಾನ ಕೊಟ್ಟಾದ ಮೇಲೆ ಅವನಿಗೆ ಹೇಳೋಣವೆಂದುಕೊಂಡಿದ್ದೇನೆ. ಆದರೆ ಅಷ್ಟು ದಿನ ಬಾಯಿ ಕಟ್ಟಿಕೊಂಡಿರುವುದು ನನ್ನಿಂದಾಗದು. ನಾಳೆಯೇ ಏರಿಯ ಮೇಲೆ ಸಿಕ್ಕಿದರೆ, ಸುಮ್ಮನೆ ಮಾತಿಗೆ ಅಂತ ಹೇಳಿಬಿಡುತ್ತೇನೆ.