ಬಿಳಿ ದಾರ

ಸ್ಕೈ ದ್ವೀಪ, ಮೇ ೯

ಶ್ರೀಮತಿ ಗಿಲ್ಲೀಸ್ ಅವರಿಗೆ ನಮಸ್ಕಾರ.

ಟಪಾಲಿನಲ್ಲಿ ನನ್ನ ಕಿಲ್ಟ್ ಕಳಿಸಿದ್ದೇನೆ. ನನ್ನ ಅಪ್ಪನಿಗೆಂದು ನಿಮ್ಮ ತಾಯಿ ಹೊಲಿದದ್ದು. ಅಪ್ಪ ದಪ್ಪಗಿದ್ದ, ನಾನು ಸಣಕಲ. ಆದರೂ ಸೊಂಟದ ಬಕಲ್ ಸರಿಸಿದ್ದಷ್ಟೇ, ಎಂಟು ಗಜ ಉಣ್ಣೆಬಟ್ಟೆಗೆ ಮತ್ತೆ ಕತ್ತರಿ ತಾಗಲಿಲ್ಲ. ಪ್ಯಾಂಟಿಗೆ ಆ ಭಾಗ್ಯ ಎಲ್ಲಿದೆ?

ಈಗ ಬಕಲನ್ನು ಇನ್ನೂ ಎರಡು ಬೆರಳು ಒಳಗೆ ಸರಿಸಿಕೊಡಿ. ಒಬ್ಬನಿಗೆಂದು ಅಡುಗೆ ಮಾಡಿಕೊಳ್ಳಲು ಬೇಸರ. ಮುಂಭಾಗದಲ್ಲಿ ನುಸಿ ತಿಂದ ತೂತಿದೆ, ಅದನ್ನೂ ನೇಯ್ದು ಮುಚ್ಚಿ.

ಹಿಂದಿನ ನೆರಿಗೆಗಳ ಮೇಲಿರುವ ಬಿಳಿ ದಾರವನ್ನು ಮಾತ್ರ ದಯವಿಟ್ಟು ಕೀಳಬೇಡಿ. ಪೆಟ್ಟಿಗೆಯಲ್ಲಿಡುವ ಮುಂಚೆ ನೆರಿಗೆ ಕದಲದಂತೆ ನನ್ನಾಕೆ ಇಷ್ಬೆಲ್ ಹಾಕುತ್ತಿದ್ದ ಹೊಲಿಗೆ ಅದು. ಉಡುವ ದಿನ ತಾನೇ ಎಳೆದು ತೆಗೆಯುತ್ತಿದ್ದಳು. ಈ ಸಲದ್ದು ಹೋದ ಅಕ್ಟೋಬರಿನಲ್ಲಿ ಹಾಕಿದ್ದು, ಆಸ್ಪತ್ರೆಗೆ ಹೊರಡುವ ಹಿಂದಿನ ದಿನ.

ಹೊಸ ವರ್ಷದ ದಿನ ಹಾಗೆಯೇ ಉಟ್ಟು ಹೋಗಿದ್ದೆ. ನೆರೆಮನೆಯ ಫಾರ್ಕರ್ ಎಲ್ಲರೆದುರು, "ಏನೋ ಟಾರ್ಕಿಲ್, ದಾರ ಕೀಳೋದೇ ಮರ್ತಿದೀಯಲ್ಲೋ! ನಿನ್ ಹೆಂಡ್ತಿ ಇದ್ದಿದ್ರೆ ಹಿಂಗೆ ಬಾಗ್ಲು ದಾಟೋಕೆ ಬಿಡ್ತಿದ್ಲಾ?" ಎಂದ.

"ಮರ್ತೇಬಿಟ್ಟೆ ಕಣೋ," ಎಂದೆ.

ಜೂನ್ ಹದಿನಾಲ್ಕಕ್ಕೆ ಮೊಮ್ಮಗಳ ಮದುವೆ. ಅಷ್ಟರೊಳಗೆ ಕಳಿಸಿದರೆ ಉಪಕಾರ. ಕೂತರೆ ದಾರ ಹರಿದುಹೋಗುತ್ತದೆ ಎಂದು ನೀವು ಹೇಳುವಿರಿ, ಬಲ್ಲೆ. ಹೊಸ ವರ್ಷದ ದಿನವೂ ನಾನು ಕೂರಲಿಲ್ಲ.

ಇಂತಿ,
ಟಾರ್ಕಿಲ್ ಮ್ಯಾಕ್‌ಆಸ್ಕಿಲ್