ಮೇಣ ತಿಕ್ಕದ ನಡುಪಟ್ಟಿ

ಮಾನ್ವಿ, ೮ ಫೆಬ್ರವರಿ ೧೯೪೪, ಮಂಗಳವಾರ

ಹೆಂಡತಿ ಹನುಮವ್ವ ರೊಟ್ಟಿ ಬಡಿಸಿ ಕರೆದಳು. ಸಿಟ್ಟಿಗೆ ಗಂಗಾಳವನ್ನು ಆಚೆ ಸರಿಸಿ ಎದ್ದೆ.

ಸಾವುಕಾರ ಚನ್ನಮಲ್ಲಪ್ಪ ಇವತ್ತು ಅಂಗಳದಾಚೆ ನಿಂತು, ನಾನು ಮಾಡಿಕೊಟ್ಟ ತೊಗಲಿನ ನಡುಪಟ್ಟಿಯನ್ನು ನನ್ನ ಮುಂದೆ ಎಸೆದ. ಅವನ ಬಿಳಿ ಧೋತರದ ತುಂಬ ಕೆಂಪು ಕಲೆ.

"ಎಂಥಾ ಬಣ್ಣ ಹಚ್ಚಿಯಲೇ ದುರುಗ್ಯಾ? ಮದುವಿ ಮನ್ಯಾಗ ಮಂದಿ ನಕ್ಕರು. ಮತ್ತ ಹಚ್ಚಿ ಕೊಡು!"

ನಿನ್ನೆ ಒಯ್ಯುವಾಗಲೇ ಹೇಳಿದ್ದೆ: "ಸಾವ್ಕಾರ್ರ, ಬಣ್ಣ ಇನ್ನಾ ಹಸಿ ಅದರೀ. ಒಣಗಿದ ಮ್ಯಾಲ ಮೇಣ ತಿಕ್ಕಿ ಕೊಡ್ತೀನ್ರಿ. ಅಲ್ಲೀತನಕ ನೀರು ತಾಕಬಾರದ್ರಿ." ಕೇಳಿದನೇ? ಪಟ್ಟಿಯನ್ನು ಕಲ್ಲಿನ ಮೇಲೆ ಇಡಿಸಿದ. ನಾನು ಮುಟ್ಟಿದ ಮೈಲಿಗೆ ಹೋಗಲೆಂದು ತಂಬಿಗೆ ನೀರು ಸುರಿದ, ಆಮೇಲೆ ಎತ್ತಿಕೊಂಡ. ಕಲ್ಲಿನ ಮೇಲೆ ಕೆಂಪು ನೀರು ಹರಿಯಿತು. ಮೈಲಿಗೆಯೇ ಹರಿದು ಹೋಯಿತು ಎಂದುಕೊಂಡನೋ ಏನೋ!

ಸತ್ತ ಎತ್ತಿನ ತೊಗಲು ಅವನ ನಡುವಿಗೆ ಆಗುತ್ತದೆ. ನನ್ನ ಬೆರಳು ಆಗುವುದಿಲ್ಲ.

"ಬಣ್ಣ ಕೆಡಿಸಿದವರು ನೀವೇರಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಟ್ಟಿ ಎತ್ತಿಕೊಂಡು ಒಳಗೆ ಬಂದೆ.

ಮತ್ತೆ ಬಣ್ಣ ಹಚ್ಚಿ ತೂಗುಹಾಕಿದ್ದೇನೆ. ಈ ಸಲ ಮೇಣ ತಿಕ್ಕದೆ ಕೊಡುವವನಲ್ಲ. ಎಲ್ಲರ ಪಟ್ಟಿಗೂ ಬಟ್ಟೆಯಲ್ಲಿ ತಿಕ್ಕುತ್ತೇನೆ. ಇದಕ್ಕೆ ಮಾತ್ರ ಬರಿ ಅಂಗೈಯಲ್ಲಿ ತಿಕ್ಕುತ್ತೇನೆ, ಕೈಯ ಕಾವಿಗೆ ಮೇಣ ಕರಗಿ ತೊಗಲಿನೊಳಗೆ ಇಳಿಯುವ ತನಕ. ಆಮೇಲೆ ತುಂಗಭದ್ರೆಯನ್ನೇ ತಂದು ಸುರಿಯಲಿ. ನೀರು ಜಾರಿ ಹೋಗುತ್ತದೆ. ನನ್ನ ಅಂಗೈ ಅವನ ನಡುವಿನಲ್ಲೇ ಇರುತ್ತದೆ.