ಕೋಳಿ ಕೂಗುವ ಭಾಗ

ಮನೆಯಿಂದ,
ಸೋಮವಾರ ಬೆಳಿಗ್ಗೆ
(ಶುಭ ಶುಕ್ರವಾರಕ್ಕೆ ಇನ್ನು ಹನ್ನೊಂದು ದಿನ)

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪಾ? ಮೊಣಕಾಲಿನ ನೋವು ಕಡಿಮೆಯಾಯಿತೇ? ನಿನ್ನ ಅಂಗಡಿ ಮೂರಡಿ ಅಗಲ ಅಂತ ಹೋದ ಸಲ ಬರೆದಿದ್ದೆ, ಅದರಲ್ಲಿ ಕಾಲು ಚಾಚಲು ಜಾಗವೆಲ್ಲಿ? ದಿನಕ್ಕೆ ನಾಲ್ಕು ಸಲವಾದರೂ ಎದ್ದು ಬೀದಿಯ ತುದಿಯವರೆಗೆ ನಡೆದು ಬಾ. ಊಟ ಹೊತ್ತಿಗೆ ಸರಿಯಾಗಿ ಮಾಡು. ನಾನು ಚೆನ್ನಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಈಗ ಎದುರುಮನೆಯ ನರ್ಸಮ್ಮನನ್ನು ಕೂಗಬೇಕು. ಉಳಿದಂತೆ ನನ್ನ ಹೊಲಿಗೆ ಮೆಷಿನ್ನು, ನನ್ನ ಬಾಯಿ ಎರಡೂ ಮೊದಲಿನ ಹಾಗೇ ಓಡುತ್ತಿವೆ. ನೀನು ವರ್ಷಕ್ಕೆ ಎರಡು ಸಲ ನಾಲ್ಕು ಸಾಲು ಬರೆಯುತ್ತೀಯ, ಒಂದು ಸಲವೂ ಚರ್ಚಿನ ಸುದ್ದಿ ಕೇಳಿಲ್ಲ. ನೀನು ಕೇಳಲಿಲ್ಲ ಅಂತ ನಾನೂ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ, ಅರ್ಧಕ್ಕೆ ಮಡಚಿಡದೆ ಪೂರ್ತಿ ಓದು.

ಗಂಟೆ ಸಿಕ್ಕಿಬಿದ್ದ. ಆ ಅಡ್ಡಹೆಸರು ನೀನೇ ಇಟ್ಟದ್ದು, ಮರೆತಿರಲಾರೆ. ನಮ್ಮ ಸಭೆಯ ಹಿರಿಯ, ರಿಟೈರಾದ ಸರ್ವೇಯರು, ಬಾಯಿ ತೆರೆದರೆ ಕಿಟಕಿಯ ಗಾಜು ನಡುಗಬೇಕು, ಅಂಥ ದನಿ. ಎಂಟು ವರ್ಷ ನಾಲ್ಕು ತಿಂಗಳ ಹಿಂದೆ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ, ಪ್ರಭು ಭೋಜನದ ಬೆಳ್ಳಿ ಬಟ್ಟಲು ಕಪಾಟಿನಲ್ಲಿಲ್ಲ ಅಂತ ಗೊತ್ತಾದಾಗ, ಸುವಾರ್ತೆ ಓದುವ ಮೇಜಿನ ಹಿಂದೆ ನಿಂತು ಇಡೀ ಸಭೆಯ ಎದುರು ಅವನು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಮೊನ್ನೆ ತಾನೇ ಆ ಕಪಾಟಿನ ಬೀಗ ರಿಪೇರಿ ಮಾಡಿದವನನ್ನ ಕೇಳಿ. ಅವನ ಕೈಗೆ ಬಗ್ಗದ ಬೀಗ ಯಾವುದಿದೆ?" ಆರಾಧನೆ ಮುಗಿದ ಮೇಲೆ ಬಾಗಿಲಿನ ಚಿಲಕ ಸರಿಮಾಡಿ ಹೋಗೋಣ ಅಂತ ನೀನು ಉಪಕರಣದ ಚೀಲವನ್ನೂ ತಂದಿದ್ದೆ. ಎಲ್ಲರ ಕಣ್ಣೂ ಅದರ ಮೇಲೆ. ಆಗ ನಾನೇ ಎದ್ದು ಬಂದು, ನೋಡಿಕೊಳ್ಳಿ ಕಣ್ತುಂಬ ಅನ್ನುವ ಹಾಗೆ ಚೀಲ ಬಿಚ್ಚಿ ನೆಲಕ್ಕೆ ಸುರಿದೆ. ಅರಗಳು, ತಂತಿ ತುಂಡುಗಳು, ಕೀಲಿಗೊಂಚಲು. ನಿನ್ನ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದು ತೋರಿಸಿದೆ. ಬಟ್ಟಲಿರಲಿಲ್ಲ. ಇಲ್ಲದಿದ್ದರೇನು, ಕದ್ದವನು ಬೇರೆಲ್ಲೋ ಬಚ್ಚಿಟ್ಟಿದ್ದಾನೆ ಅಂತಾಯಿತು. ಪೊಲೀಸರಿಗೆ ಹೇಳುವುದು ಬೇಡ, ಕ್ಷಮಿಸಿಬಿಡೋಣ ಅಂತ ಗಂಟೆಯೇ ದೊಡ್ಡ ಮನಸ್ಸು ಮಾಡಿದ. ಕ್ಷಮೆಯಂತೆ, ಅವನ ಮುಖಕ್ಕಿಷ್ಟು. ಕಳ್ಳ ಅನ್ನಿಸಿಕೊಂಡ ಬೀಗದವನನ್ನು ಯಾರು ಮನೆಗೆ ಕರೆಯುತ್ತಾರೆ? ತಿಂಗಳು ತುಂಬುವುದರೊಳಗೆ ನಿನ್ನ ಅಂಗಡಿಗೆ ನೀನೇ ಬೀಗ ಹಾಕಿ ಹೊರಟುಹೋದೆ.

ನೀನು ಹೊರಟ ದಿನವೇ ನಾನು ಹಲ್ಲು ಕಚ್ಚಿ ನಿಶ್ಚಯ ಮಾಡಿದೆ, ಇವನನ್ನು ಸುಮ್ಮನೆ ಬಿಡಬಾರದು ಅಂತ. ಆದರೆ ನನ್ನ ಕೈಯಲ್ಲಿ ಇದ್ದದ್ದೇನು? ಪೀಠದ ಬಟ್ಟೆಗಳು. ಆಗಮನಕ್ಕೂ ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸುಕಾಲಕ್ಕೂ ನೇರಳೆ, ಹಬ್ಬಕ್ಕೆ ಬಿಳಿ, ಉಳಿದ ಮುಗಿಯದ ವಾರಗಳಿಗೆಲ್ಲ ಹಸಿರು. ಒಗೆದು ಇಸ್ತ್ರಿ ಮಾಡಿ ಹಾಸುವವಳು ನಾನು, ಸರಿ, ಆದರೆ ಬಟ್ಟೆಯಿಂದ ಯಾರ ಮೇಲೆ ಹಗೆ ತೀರಿಸಿಕೊಳ್ಳುವುದು? ಇನ್ನೊಂದು ಕೆಲಸವೂ ನನ್ನದೇ ಅಲ್ಲವೇ? ಯಾವ ಭಾನುವಾರದ ಸುವಾರ್ತೆಯನ್ನು ಯಾರು ಓದಬೇಕು ಅನ್ನುವ ಪಟ್ಟಿ. ಯಾವ ವಾರ ಯಾವ ಭಾಗ ಅನ್ನುವುದು ಮೊದಲೇ ಅಚ್ಚಾಗಿ ಬರುತ್ತದೆ, ಮೂರು ವರ್ಷಕ್ಕೊಂದು ಸುತ್ತು. ಎದುರಿಗೆ ಹೆಸರು ಬರೆಯುವುದಷ್ಟೇ ನನ್ನ ಪಾಲು. ಆ ಪಾಲನ್ನು ನಾನು ಚೆನ್ನಾಗಿ ಬಳಸಿಕೊಂಡೆ. ಸರ್ಪಸಂತಾನವೇ ಅಂತ, ನದಿಯಲ್ಲಿ ದೀಕ್ಷಾಸ್ನಾನ ಕೊಡುವ ಸ್ನಾನಿಕನು ಗದರಿಸುವ ವಾರ, ಗಂಟೆ. ಉದ್ದ ನಿಲುವಂಗಿ ತೊಟ್ಟು ಮುಂದಿನ ಪೀಠ ಹಿಡಿಯುವ ಶಾಸ್ತ್ರಿಗಳ ವಾರ, ಗಂಟೆ. ನಾನು ಬೇರೆಯವರಂತಲ್ಲ ಅಂತ ಎದೆಯುಬ್ಬಿಸಿ ಪ್ರಾರ್ಥಿಸುವ ಫರಿಸಾಯನ ವಾರ, ಗಂಟೆ. ತೀರ್ಪಿನ ದಿನ ಪಾಪಿಗಳನ್ನು ಆಡುಗಳ ಹಾಗೆ ಎಡಗಡೆಗೆ ನಿಲ್ಲಿಸುವುದು, ಐಶ್ವರ್ಯವಂತ ಬೆಂಕಿಯಲ್ಲಿ ಒಂದು ಹನಿ ನೀರಿಗೆ ಬಾಯಿಬಿಡುವುದು, ಎಲ್ಲ ಗಂಟೆಯದೇ. ತಪ್ಪಿಹೋದ ಕುರಿಯನ್ನು ಹಾರ್ಮೋನಿಯಂ ಮಾಸ್ತರರಿಗೆ ಕೊಟ್ಟೆ, ಬಿರುಗಾಳಿ ಶಾಂತವಾದದ್ದನ್ನು ಪಾಸ್ಟರ ಹೆಂಡತಿಗೆ ಕೊಟ್ಟೆ. ಒಂದೇ ಒಂದು ಸಮಾಧಾನದ ಮಾತೂ ಅವನ ಬಾಯಿಗೆ ಬೀಳದ ಹಾಗೆ ನೋಡಿಕೊಂಡೆ. ಪ್ರತಿ ಶುಭ ಶುಕ್ರವಾರ ಕೋಳಿ ಕೂಗುವ ಭಾಗ. ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ಆ ಶಿಷ್ಯ, ಹಿಡಿದು ತಂದ ತನ್ನ ಗುರುವಿನ ಬಗ್ಗೆಯೇ, ನನಗೆ ಅವನ ಗುರುತೇ ಇಲ್ಲ ಅಂತ ಕೋಳಿ ಕೂಗುವುದರೊಳಗೆ ಮೂರು ಸಲ ಹೇಳುತ್ತಾನಲ್ಲ, ಅದು. ಎಂಟು ವರ್ಷವೂ ಅವನಿಂದಲೇ ಓದಿಸಿದೆ. ಅವನು ಓದುತ್ತಿದ್ದಷ್ಟು ಹೊತ್ತೂ ಕಣ್ಣು ಮಿಟುಕಿಸದೆ ಅವನ ಮುಖವನ್ನೇ ನೋಡುತ್ತಿದ್ದೆ.

ಅವನದು ಎಮ್ಮೆ ಚರ್ಮ, ತಮ್ಮಾ. ಒಂದು ಅಕ್ಷರವೂ ತಾಗಲಿಲ್ಲ. ಬೈಗುಳವನ್ನೆಲ್ಲ ಸಂಗೀತದ ಹಾಗೆ ಓದಿ ಮುಗಿಸುತ್ತಿದ್ದ, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ಸಲ ಬಾಗಿಲಲ್ಲಿ ನಿಲ್ಲಿಸಿ ಏನಂದ ಗೊತ್ತೇ? "ಗಟ್ಟಿ ದನಿ ಬೇಕಾದ ಭಾಗಗಳನ್ನೆಲ್ಲ ಹುಡುಕಿ ಹುಡುಕಿ ನನಗೇ ಹಾಕ್ತೀರಿ, ನಿಮ್ಮ ಉಪಕಾರ ಮರೆಯೋದಿಲ್ಲ." ಅವತ್ತು ಮನೆಗೆ ಬಂದು ಯಾರದೋ ರವಿಕೆಗೆ ಇಸ್ತ್ರಿ ಹಾಕುತ್ತಾ ಅದರ ಬೆನ್ನನ್ನು ಅಂಗೈಯಗಲ ಸುಟ್ಟುಬಿಟ್ಟೆ.

ಈಗ ಮೂರನೆಯ ಸುತ್ತಿನ ಕೊನೆಯ ವರ್ಷ. ಹದಿನೈದು ದಿನದ ಹಿಂದೆ, ತಪಸ್ಸುಕಾಲದ ಮೂರನೆಯ ಭಾನುವಾರ, ಅಂಜೂರದ ಗಿಡದ ಸಾಮ್ಯದ ಕಥೆ. ಮೂರು ವರ್ಷದಿಂದ ಹಣ್ಣು ಹುಡುಕಿ ಹುಡುಕಿ ಸಾಕಾಯಿತು, ಕಡಿದು ಹಾಕು ಅನ್ನುತ್ತಾನಲ್ಲ ಯಜಮಾನ, ಆ ಮಾತಿನ ಆಸೆಗೆ ಅವನ ಹೆಸರು ಬರೆದಿದ್ದೆ. ಕಡಿದು ಹಾಕು ಅನ್ನುವುದನ್ನು ಚೆನ್ನಾಗಿಯೇ ಅಂದ. ಮುಂದೆ ತೋಟಗಾರ, ಈ ವರ್ಷವೊಂದು ಬಿಡಿ, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಅನ್ನಬೇಕು. ಗಂಟೆ ಅಲ್ಲೇ ನಿಂತುಬಿಟ್ಟ. ತುಟಿ ಅಲುಗುತ್ತಿತ್ತು, ದನಿ ಇಲ್ಲ. ಪಾಸ್ಟರು ಎದ್ದು ಬಂದು ಉಳಿದದ್ದನ್ನು ಓದಿದರು. ಎಲ್ಲರೂ ಹೋದ ಮೇಲೆ ಮೇಜಿನ ಬಟ್ಟೆ ಕೊಡವಲು ಹೋದವಳು ನೋಡುತ್ತೇನೆ, ಅವನು ತೆರೆದಿಟ್ಟಿದ್ದ ಪುಟವೇ ಬೇರೆ. ಅದರಲ್ಲಿ ಅಂಜೂರವೂ ಇಲ್ಲ, ತೋಟವೂ ಇಲ್ಲ.

ಮಾರನೆಯ ದಿನ ಅವನ ಮನೆಗೇ ಹೋದೆ. ನೀನು ಬೈಯಬೇಡ, ಒಳ್ಳೆಯದಕ್ಕೆ ಹೋಗಿರಲಿಲ್ಲ, ಅವನು ಬೀಳುವುದನ್ನು ಹತ್ತಿರದಿಂದ ನೋಡಲು ಹೋದೆ. ಅವನ ಹೆಂಡತಿ ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟಳು. "ಎರಡು ವರ್ಷದಿಂದ ಅವರಿಗೆ ಅಕ್ಷರ ಕಾಣ್ಸಲ್ಲ ಅಕ್ಕಾ. ಓದೋದು ತಪ್ಪಿಹೋದ್ರೆ ಬದುಕಲ್ಲ ಅಂತಾರೆ. ಸೋಮವಾರದಿಂದ ನಾನು ಓದಿ ಹೇಳ್ತೀನಿ, ಅವರು ಬಾಯಿಪಾಠ ಮಾಡ್ತಾರೆ. ಸ್ನಾನಕ್ಕೆ ಹೋದ್ರೂ ಅದೇ, ಊಟಕ್ಕೆ ಕೂತ್ರೂ ಅದೇ. ಆದ್ರೆ ನೀವು ಹಾಕೋದೆಲ್ಲ ಬೈಗುಳಾನೇ ಯಾಕಕ್ಕಾ?" ನನಗೆ ಎಷ್ಟು ಖುಷಿಯಾಯಿತು ಅಂದರೆ, ದೇವರು ನನ್ನನ್ನು ಏನಾದರೂ ಅಂದುಕೊಳ್ಳಲಿ, ಎದ್ದು ಕುಣಿಯುವುದೊಂದು ಬಾಕಿ. ಭಾನುವಾರಕ್ಕೆ ಒಂದೇಟು ಅಂದುಕೊಂಡಿದ್ದೆ, ವಾರಪೂರ್ತಿ ಅವನೇ ತನ್ನ ಬಾಯಿಂದ ತನಗೆ ಹೊಡೆದುಕೊಳ್ಳುತ್ತಿದ್ದನಲ್ಲ.

ಗಂಟೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದನಂತೆ. ಒಳಗೆ ಹೋಗಿ, ತಡಕಾಡಿ, ಮಂಚದಡಿಯ ಟ್ರಂಕಿನಿಂದ ಹಳೆಯ ಕಂಬಳಿಯ ಗಂಟೊಂದನ್ನು ತಂದು ನನ್ನ ಮುಂದಿಟ್ಟ. ಬಿಚ್ಚಿದರೆ ನಮ್ಮ ಬಟ್ಟಲು, ಕಾಲು ಮುರಿದು ಎರಡು ತುಂಡು. ಆ ಶನಿವಾರ ಸಂಜೆ ತನ್ನ ಕೀಲಿಯಿಂದ ಕಪಾಟು ತೆಗೆದು, ತಿಕ್ಕಿ ಹೊಳಪು ಮಾಡೋಣ ಅಂತ ಮನೆಗೆ ಒಯ್ದನಂತೆ. ಮೆಟ್ಟಿಲ ಮೇಲೆ ಕೈಜಾರಿತಂತೆ. ಬೆಳಿಗ್ಗೆ ಎಲ್ಲರೂ ಕಪಾಟಿನ ಮುಂದೆ ನಿಂತಾಗ, ಪವಿತ್ರ ಪಾತ್ರೆ ಮುರಿದವನು ನಾನು ಅನ್ನಲು ನಾಲಿಗೆ ಬರಲಿಲ್ಲವಂತೆ, ಆದರೆ ನಿನ್ನ ಮೇಲೆ ಹೇಳಲು ಬಂತು. "ಇನ್ನೊಂದು ವಾರ, ಇನ್ನೊಂದು ವಾರ ಬಿಟ್ಟು ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಅವನು ಹೋಗಿಬಿಟ್ಟ" ಅಂತ ಅತ್ತ. ಅವನ ಹೆಂಡತಿಯೂ ಅತ್ತಳು, ಪಾಪ, ಅವಳಿಗೂ ಅದೇ ಮೊದಲು ಗೊತ್ತಾದದ್ದು. ನನಗೆ ಕರುಣೆ ಬರಲಿಲ್ಲ. ಬರಬೇಕಿತ್ತು ಅಂತ ಪಾಸ್ಟರು ಅನ್ನಬಹುದು, ಅವರ ತಮ್ಮ ಊರು ಬಿಟ್ಟಿಲ್ಲ. ನನ್ನ ಕಾಲಿಗೆ ಬೀಳಬೇಡಿ, ಎಲ್ಲಿ ನಿಂತು ಹೇಳಿದಿರೋ ಅಲ್ಲೇ ನಿಂತು, ಬಟ್ಟಲು ಕೈಯಲ್ಲಿ ಹಿಡಿದು, ಅದೇ ದನಿಯಲ್ಲಿ ಹೇಳಿ ಅಂದೆ. ಶುಭ ಶುಕ್ರವಾರ ಸುವಾರ್ತೆ ಮುಗಿದ ಕೂಡಲೇ ಹೇಳುತ್ತೇನೆ ಅಂತ ಒಪ್ಪಿದ್ದಾನೆ. ಪಾಸ್ಟರಿಗೂ ತಿಳಿಸಿಯಾಗಿದೆ, ಇನ್ನು ಜಾರಿಕೊಳ್ಳುವ ಹಾಗಿಲ್ಲ.

ಇದನ್ನು ಅಂದೇ ಬರೆಯಬೇಕಿತ್ತು. ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಹರಿದೆ. ಯಾಕೆ ಅಂತ ಈಗ ಕೇಳಬೇಡ. ನೀನು ಬರಬೇಕು. ಅವನು ತಲೆ ತಗ್ಗಿಸುವಾಗ ನೀನು ತಲೆಯೆತ್ತಿ ಕೂತಿರುವುದನ್ನು ಆ ಸಭೆ ನೋಡಬೇಕು. ಬೆಳಗಿನ ಬಸ್ಸು ಹಿಡಿದರೆ ಗುರುವಾರ ಸಂಜೆಗೆ ಮುಟ್ಟುತ್ತೀಯ, ನಿನ್ನ ಹಾಸಿಗೆಯನ್ನು ಈಗಾಗಲೇ ಬಿಸಿಲಿಗೆ ಹಾಕಿದ್ದೇನೆ. ದೇವರು ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ, ಆ ಕೈಗಳು ಯಾವತ್ತೂ ಬೇರೆಯವರ ವಸ್ತು ಮುಟ್ಟಿದವಲ್ಲ.

ನಿನ್ನ,
ಅಕ್ಕ

ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಹೊರಡುವ ಹೊತ್ತಾಯಿತು. ಈ ಸಲ ಕೋಳಿ ಕೂಗುವ ಭಾಗವನ್ನು ಗಂಟೆ ಓದುವುದಿಲ್ಲ. ಅವನ ಹೆಸರು ಹೊಡೆದು ನನ್ನ ಹೆಸರು ಬರೆದಿದ್ದೇನೆ. ಅವತ್ತು ಸಭೆಯವರಿಗೆ ತೋರಿಸುವುದಕ್ಕಷ್ಟೇ ಆಗಿದ್ದರೆ ಚೀಲ ಸುರಿದರೆ ಸಾಕಿತ್ತು, ತಮ್ಮಾ. ನಿನ್ನ ಊಟದ ಡಬ್ಬಿಯ ಮುಚ್ಚಳ ತೆಗೆದದ್ದು ನನಗೋಸ್ಕರ. ಬಟ್ಟಲು ಅದರೊಳಗೆ ಇರಬಹುದು ಅಂತ ನನಗೂ ಅನ್ನಿಸಿತ್ತು. ನೀನು ಆಗ ಚೀಲದ ಕಡೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದೆ, ನಿನಗೆ ಅವತ್ತೇ ಗೊತ್ತಾಗಿದೆ. ಓದಿ ಮುಗಿಸಿ, ಗಂಟೆ ಬಾಯಿ ತೆರೆಯುವ ಮೊದಲು, ಇದನ್ನು ಅಲ್ಲೇ ನಿಂತು ಹೇಳುತ್ತೇನೆ. ನೀನು ಬರದಿದ್ದರೂ ಹೇಳುತ್ತೇನೆ. ಆದರೆ ಬಾ. ಮೊದಲನೆಯ ಬೆಂಚಿನ ತುದಿಯಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ, ಅಲ್ಲಿ ಕಾಲು ಚಾಚಬಹುದು.